ಮೊಬೈಲ್ ಸ್ಟಾರ್ಟರ್ ಜೊತೆ ಮೂರು ವರ್ಷ: ಆಂಟೆನಾ ಎಲ್ಲಿ ಕೂರಿಸಿದ್ದೀರಿ ಅನ್ನೋದೇ ಮುಖ್ಯ

ತಿಪಟೂರಿನ ಹತ್ತಿರ ನಮ್ಮದು ತೆಂಗಿನ ತೋಟ, ನಡುವೆ ಒಂದಿಷ್ಟು ಅಡಿಕೆ. ಬೋರ್‌ವೆಲ್ ಇರುವುದು ಮನೆಯಿಂದ ಒಂದೂವರೆ ಕಿಲೋಮೀಟರ್ ದೂರದಲ್ಲಿ. ತ್ರೀ ಫೇಸ್ ಕರೆಂಟ್ ಎಷ್ಟೋ ಸಲ ನಡುರಾತ್ರಿ ಬರುತ್ತದೆ. ಟಾರ್ಚ್ ಹಿಡಿದು ಹಾವಿನ ಭಯದಲ್ಲಿ ತೋಟಕ್ಕೆ ಹೋಗಿಬರುವುದು ಅಪ್ಪನಿಗೆ ಆಗದ ಮಾತಾಯಿತು. ಅದಕ್ಕೇ ಮೂರು ವರ್ಷದ ಹಿಂದೆ ಸಿಮ್ ಹಾಕುವ ಮೊಬೈಲ್ ಸ್ಟಾರ್ಟರ್ ತಂದೆವು. ಫೋನ್ ಮಾಡಿದರೆ ಮೋಟಾರ್ ಆನ್, ಮತ್ತೆ ಮಾಡಿದರೆ ಆಫ್. ಒಂದು ಫೇಸ್ ಹೋದರೂ, ಬೋರ್‌ನಲ್ಲಿ ನೀರು ನಿಂತರೂ ತಾನೇ ಮೋಟಾರ್ ನಿಲ್ಲಿಸಿ ಮೆಸೇಜ್ ಕಳಿಸುತ್ತದೆ.

ಮಷೀನ್ ಒಳ್ಳೆಯದು. ಮೂರು ವರ್ಷದಲ್ಲಿ ಒಂದು ಸಲವೂ ರಿಪೇರಿಗೆ ಕೊಟ್ಟಿಲ್ಲ. ಆದರೂ ಮೊದಲ ಎಂಟು ತಿಂಗಳು ನಾವು ಅದನ್ನು ಬೈದಿದ್ದೇ ಜಾಸ್ತಿ. ಆ ತೊಂದರೆ ಬಂದಿದ್ದು ಆಂಟೆನಾ ಇಟ್ಟ ಜಾಗದಿಂದ.

ಕೂರಿಸಲು ಬಂದ ಹುಡುಗ ಬೆರಳುದ್ದದ ಆಂಟೆನಾವನ್ನು ಸ್ಟಾರ್ಟರ್ ಡಬ್ಬಿಯ ಒಳಗೇ, ಕಾಂಟ್ಯಾಕ್ಟರ್ (ಮೋಟಾರಿಗೆ ಕರೆಂಟ್ ಕೊಡುವ, ತೆಗೆಯುವ ಸ್ವಿಚ್) ಪಕ್ಕ ಬಿಟ್ಟು ಬಾಗಿಲು ಹಾಕಿ ಹೋದ. ಮಳೆಗೆ ನೆನೆಯುವುದಿಲ್ಲ ಅನ್ನೋದು ಅವನ ಲೆಕ್ಕ. ಬಾಗಿಲು ತೆಗೆದಿದ್ದಾಗ ಎಲ್ಲಾ ಸರಿ ಇತ್ತು. ರಾತ್ರಿ ಮನೆಯಿಂದ ಫೋನ್ ಮಾಡಿದರೆ 'ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ' ಅನ್ನುವ ಹೆಂಗಸಿನ ದನಿ. ಕಬ್ಬಿಣದ ಡಬ್ಬಿ ಸಿಗ್ನಲ್ ಒಳಗೆ ಬಿಡುವುದಿಲ್ಲ, ಅಷ್ಟೇ ವಿಷಯ.

ನಮ್ಮ ಮಷೀನ್‌ಗೆ ಮೆಸೇಜ್ ಹಾಕಿದರೆ ಸಿಗ್ನಲ್ ಎಷ್ಟಿದೆ ಅಂತ 0ರಿಂದ 31ರವರೆಗಿನ ಒಂದು ಅಂಕಿ ಕಳಿಸುತ್ತದೆ, ಅಂಕಿ ಹೆಚ್ಚಿದ್ದಷ್ಟೂ ಸಿಗ್ನಲ್ ಚೆನ್ನ. ಬಾಗಿಲು ಹಾಕಿದಾಗ 6, ತೆಗೆದಾಗ 11. ನಿಮ್ಮದರಲ್ಲೂ ಈ ಸೌಲಭ್ಯ ಇದ್ದರೆ ಕಂಪ್ಲೇಂಟ್ ಕೊಡುವ ಮೊದಲು ಇದನ್ನು ನೋಡಿ.

ಆಮೇಲೆ 3 ಮೀಟರ್ ವೈರಿನ, ಬುಡದಲ್ಲಿ ಅಯಸ್ಕಾಂತ ಇರುವ ಆಂಟೆನಾ ತಂದೆ. ಡಬ್ಬಿಯ ನೆತ್ತಿಯಲ್ಲಿ ತೂತು ಕೊರೆದು ವೈರು ಇಳಿಸಿ, ಮೇಲೆ ಅಂಟಿಸಿದೆ. ಅಂಕಿ 17ಕ್ಕೆ ಏರಿತು. ಖುಷಿಯಾಯಿತು, ಆದರೆ ಮುಂಗಾರಿನವರೆಗೆ ಮಾತ್ರ. ತೂತು ಮುಚ್ಚಲು ನಾನು ಸುರಿದಿದ್ದ ಸಿಲಿಕೋನ್ ಅಂಟು ಬಿಸಿಲಿಗೆ ಬಿರಿದಿತ್ತು. ಒಂದು ಬೆಳಿಗ್ಗೆ ಬಾಗಿಲು ತೆಗೆದರೆ ತೂತಿನಿಂದ ಕಾಂಟ್ಯಾಕ್ಟರ್‌ವರೆಗೆ ತುಕ್ಕಿನ ಕೆಂಪು ಗೆರೆ, ಅದರ ತುದಿಯಲ್ಲಿ ಇನ್ನೂ ಒಂದು ಹನಿ ತೂಗುತ್ತಿತ್ತು. 415 ವೋಲ್ಟ್ ಇರುವ ಜಾಗ ಅದು. ದಯವಿಟ್ಟು ಯಾರೂ ಡಬ್ಬಿಯ ನೆತ್ತಿಗೆ ತೂತು ಕೊರೆಯಬೇಡಿ. ಮೋಟಾರ್ ವೈರು ಬರುವ ಕೆಳಗಿನ ಕಡೆಯೇ ಇನ್ನೊಂದು ಗ್ಲ್ಯಾಂಡ್ (ವೈರನ್ನು ಬಿಗಿಯಾಗಿ ಹಿಡಿದು ತೂತು ಮುಚ್ಚುವ ಬಿರಡೆ) ಹಾಕಿ. ವೈರನ್ನು ಡಬ್ಬಿಗಿಂತ ಒಂದು ಗೇಣು ಕೆಳಕ್ಕೆ ಜೋಲುಬಿಟ್ಟು ಮೇಲಕ್ಕೆ ತನ್ನಿ. ನೀರು ಆ ಬಳುಕಿನಲ್ಲೇ ತೊಟ್ಟಿಕ್ಕಿ ಹೋಗುತ್ತದೆ. ಕೊರೆಯುವ ಮೊದಲು ಮೇನ್ ಆಫ್ ಮಾಡಿ, ತಗಡಿನ ಚೂರು ಒಳಗೆ ಬೀಳದಂತೆ ಬಟ್ಟೆ ಮುಚ್ಚಿ.

ಮೂರನೇ ಸಲ ಆಂಟೆನಾವನ್ನು ಡಬ್ಬಿಯಿಂದ ಬಿಡಿಸಿ, ಶೆಡ್ಡಿನ ತಗಡಿನ ಸೂರಿಗಿಂತ ಮೇಲಕ್ಕೆ ಒಂದು ಪಿವಿಸಿ ಪೈಪಿನ ತುದಿಗೆ ಕಟ್ಟಿದೆ. ಅಷ್ಟೆತ್ತರ ಹೋದರೂ ಅಂಕಿ ಬರೀ 18. ತಲೆಕೆಟ್ಟು ಹೋಯಿತು. ಊರಿನ ರೇಡಿಯೋ ರಿಪೇರಿಯವರೊಬ್ಬರು ಕಾರಣ ಹೇಳಿದರು. ಇಂಥ ಆಂಟೆನಾಗೆ ಬುಡದಲ್ಲಿ ತಗಡು ಬೇಕು, ಕಡ್ಡಿ ಅರ್ಧ ಆಂಟೆನಾ ಆದರೆ ತಗಡು ಇನ್ನರ್ಧ. ಮೊಬೈಲ್ ಸಿಗ್ನಲ್‌ನ 900 ಮೆಗಾಹರ್ಟ್ಸ್ ಅಲೆಯ ಉದ್ದ ಸುಮಾರು 33 ಸೆಂಟಿಮೀಟರ್, ಅದರ ಕಾಲುಭಾಗ 8 ಚಿಲ್ಲರೆ. ಕಡ್ಡಿಯ ಸುತ್ತ ಎಲ್ಲಾ ಕಡೆ ಅಷ್ಟಾದರೂ ತಗಡು ಇರಲಿ ಅಂದರು. ಒಂದು ಗೇಣಗಲದ ಜಿಐ (ಸತು ಲೇಪಿಸಿದ ಕಬ್ಬಿಣದ) ತಗಡನ್ನು ಪೈಪಿನ ತಲೆಗೆ ಸ್ಕ್ರೂ ಹಾಕಿ, ಅದರ ನಡುವೆ ಅಯಸ್ಕಾಂತ ಕೂರಿಸಿದೆ. 22! ಸ್ಟೇನ್‌ಲೆಸ್ ಸ್ಟೀಲ್ ಅಥವಾ ಅಲ್ಯೂಮಿನಿಯಂ ತಟ್ಟೆ ತರಬೇಡಿ, ಸಾಮಾನ್ಯವಾಗಿ ಅಯಸ್ಕಾಂತ ಹಿಡಿಯುವುದಿಲ್ಲ.

ಇನ್ನೂ ಎತ್ತರ ಹೋದರೆ ಇನ್ನೂ ಚೆನ್ನಾಗಿರುತ್ತೆ ಅಲ್ವಾ ಅಂತ 10 ಮೀಟರ್ ವೈರಿನ ಆಂಟೆನಾ ಹಾಕಿಯೂ ನೋಡಿದೆ. ಅಂಕಿ 19ಕ್ಕೆ ಇಳಿಯಿತು. ಆ ತೆಳು ವೈರು ಮೀಟರಿಗೆ ಸುಮಾರು 1 ಡೆಸಿಬೆಲ್ ಸಿಗ್ನಲ್ ನುಂಗುತ್ತದೆ, 3 ಡೆಸಿಬೆಲ್ ಹೋದರೆ ಶಕ್ತಿ ಅರ್ಧಕ್ಕರ್ಧ ಹೋದಂತೆ. ಮತ್ತೆ 3 ಮೀಟರಿಗೇ ಬಂದೆ. ಮಿಕ್ಕ ವೈರನ್ನು ಡಬ್ಬಿಯೊಳಗೆ ಸುತ್ತಿಡುವುದೂ ಬೇಡ. ಕಡ್ಡಿ ನೆಟ್ಟಗೆ ನಿಂತಿರಲಿ. ಪಕ್ಕದ ತೋಟದ ಅಣ್ಣ ಟವರ್ ಕಡೆಗೆ ತುದಿ ತೋರಿಸಿ ಬಗ್ಗಿಸಿಟ್ಟಿದ್ದರು. ಕಡ್ಡಿ ಸಿಗ್ನಲ್ ಹಿಡಿಯುವುದು ಪಕ್ಕದಿಂದ, ತುದಿಯಿಂದಲ್ಲ.

ಎರಡು ವರ್ಷದಿಂದ ಇದೇ ಜಾಗ. ಒಂದು ಸಲ ಅಳಿಲು ವೈರು ಕಡಿಯಿತು, ಈಗ ಪೈಪಿನ ಒಳಗಿಂದಲೇ ತಂದಿದ್ದೇನೆ. ವರ್ಷಕ್ಕೊಮ್ಮೆ ಕನೆಕ್ಟರ್ ಬಿಚ್ಚಿ ಹಸಿರು ಕಟ್ಟಿದೆಯಾ ನೋಡಿ, ಹೊಸದಾಗಿ ರಬ್ಬರ್ ಟೇಪ್ ಸುತ್ತುತ್ತೇನೆ. ಅಪ್ಪ ರಾತ್ರಿ ಮಂಚದ ಮೇಲಿಂದಲೇ ಮೋಟಾರ್ ಹಾಕುತ್ತಾರೆ.

ಒಂದೇ ಕೊರತೆ, ಇದು 2ಜಿ ಮಷೀನ್. ಜಿಯೋಗೆ 2ಜಿ ನೆಟ್‌ವರ್ಕ್ ಇಲ್ಲ, ಹಾಗಾಗಿ ಅದರ ಸಿಮ್ ನಡೆಯುವುದಿಲ್ಲ. ಹೊಸದಾಗಿ ಕೊಳ್ಳುವವರು 4ಜಿಯದನ್ನೇ ತಗೊಳ್ಳಿ, ಆಂಟೆನಾ ಕೂಡ 4ಜಿ ಬ್ಯಾಂಡ್‌ಗಳಿಗೆ ಹೊಂದುವಂಥದ್ದೇ ಅಂತ ಕೇಳಿ ಖಾತ್ರಿ ಮಾಡಿಕೊಳ್ಳಿ. ನಾನೂ ಮುಂದೆ ಬದಲಾಯಿಸುತ್ತೇನೆ. ಪೈಪು, ತಗಡು, ಕೆಳಗಿನ ಗ್ಲ್ಯಾಂಡ್ ಮಾತ್ರ ಇದ್ದಲ್ಲೇ ಇರುತ್ತವೆ.