ಮಸಾಲೆ ಹಚ್ಚಿದ ಪೋರ್ಕ್ ರಿಬ್ಸ್ ಚೆನ್ನಾಗಿದೆ, ಪ್ಯಾಕೆಟ್ ಮೇಲಿನ ಟೈಮಿಂಗ್ ಮಾತ್ರ ನಂಬಬೇಡಿ

ಫ್ರೇಜರ್ ಟೌನ್ ಕಡೆಯ ಒಂದು ಅಂಗಡಿಯಿಂದ ಮಸಾಲೆ ಹಚ್ಚಿಟ್ಟ ಪೋರ್ಕ್ ರಿಬ್ಸ್ ತಂದಿದ್ದೆ, ಒಂದು ಕೆಜಿ ಪ್ಯಾಕೆಟ್. ಮಾಂಸ ತಾಜಾ ಇತ್ತು, ಎಲುಬಿನ ಮೇಲೆ ಒಳ್ಳೆ ದಪ್ಪಕ್ಕೆ ಇತ್ತು. ಆದರೆ 200 ಡಿಗ್ರಿಯಲ್ಲಿ 40 ನಿಮಿಷ ಬೇಯಿಸಿ ಅಂತ ಬರೆದಿದ್ದಾರೆ. ಮೊದಲ ಸಲ ಹಾಗೇ ಮಾಡಿದೆ. ಮಸಾಲೆಯಲ್ಲಿ ಬೆಲ್ಲ ಇರುವುದರಿಂದ ಮೇಲೆಲ್ಲ ಸೀದು ಕಪ್ಪಾಯಿತು, ಒಳಗೆ ಬೆಂದಿದ್ದರೂ ಮಾಂಸ ರಬ್ಬರ್ ಥರ ಇತ್ತು. ತುಂಬಾ ಬೇಜಾರಾಯಿತು.

ಪಕ್ಕೆಲುಬಿನ ಮಾಂಸದಲ್ಲಿ ಕೊಲಾಜೆನ್ (ಮಾಂಸವನ್ನು ಗಟ್ಟಿಯಾಗಿ ಹಿಡಿದಿಡುವ ನಾರಿನಂಥ ಪ್ರೋಟೀನ್) ಜಾಸ್ತಿ. ಅದು ಕರಗಿ ಜೆಲಾಟಿನ್ ಆದರೇನೇ ಮಾಂಸ ಮೆತ್ತಗಾಗುವುದು, ಅದಕ್ಕೆ ಕಡಿಮೆ ಶಾಖದಲ್ಲಿ ತುಂಬಾ ಹೊತ್ತು ಬೇಕು. ಎರಡನೇ ಪ್ಯಾಕೆಟ್ ತಂದಾಗ ಎಲುಬಿನ ಹಿಂಬದಿಯ ತೆಳು ಪೊರೆಯನ್ನು ಚಾಕುವಿನ ತುದಿಯಿಂದ ಎಬ್ಬಿಸಿ, ಟಿಶ್ಯೂ ಪೇಪರಿನಲ್ಲಿ ಹಿಡಿದು ಎಳೆದು ತೆಗೆದೆ (ಇದನ್ನು ಅಂಗಡಿಯವರೇ ತೆಗೆದು ಕೊಡಬೇಕಿತ್ತು ಅಲ್ವಾ?), ಆಮೇಲೆ ಫಾಯಿಲ್‌ನಲ್ಲಿ ಬಿಗಿಯಾಗಿ ಸುತ್ತಿ ಓಟಿಜಿಯಲ್ಲಿ 150 ಡಿಗ್ರಿಗೆ ಎರಡೂವರೆ ಗಂಟೆ ಬಿಟ್ಟೆ. ಚಿಕ್ಕ ಓವನ್ ಆದ್ದರಿಂದ ಎರಡು ತುಂಡು ಮಾಡಿಕೊಂಡೆ. ಮೇಲಿನ ಕಾಯಿಲ್‌ಗೆ ತೀರಾ ಹತ್ತಿರ ಇಡಬೇಡಿ.

ಫಾಯಿಲ್ ಬಿಚ್ಚಿದ ಮೇಲೆ ಅದರಲ್ಲಿ ಇಳಿದಿದ್ದ ರಸವನ್ನು ಕುದಿಸಿ ಗಟ್ಟಿ ಮಾಡಿ, ಕೊಡಗಿನವರು ಪಂದಿಕರಿಗೆ ಹಾಕುವ ಕಪ್ಪು ಹುಳಿರಸ ಕಾಚಂಪುಳಿಯನ್ನು ಅರ್ಧ ಚಮಚ ಸೇರಿಸಿ ಮೇಲೆ ಸವರಿದೆ. 220 ಡಿಗ್ರಿಯಲ್ಲಿ 10 ನಿಮಿಷ, ಅಷ್ಟೇ. ಎಷ್ಟು ಚೆನ್ನಾಗಿತ್ತು ಅಂದರೆ, ಎಲುಬು ಹಿಡಿದು ಎಳೆದರೆ ಮಾಂಸ ಸಲೀಸಾಗಿ ಬಿಟ್ಟು ಬಂತು! ಆ ಹುಳಿ ಕೊಬ್ಬಿನ ಜಿಡ್ಡನ್ನು ಮುರಿಯುತ್ತದೆ.

ಉಪ್ಪು ಮಾತ್ರ ಸ್ವಲ್ಪ ಜಾಸ್ತಿ, ಹಾಗಾಗಿ ಬಿಸಿ ಅಕ್ಕಿರೊಟ್ಟಿ ಜೊತೆ ತಿನ್ನಿ. ನಾನಂತೂ ಮುಂದಿನ ಭಾನುವಾರಕ್ಕೆ ಇನ್ನೊಂದು ಪ್ಯಾಕೆಟ್ ಹೇಳಿಟ್ಟಿದ್ದೇನೆ.