ಬ್ಯಾಟರಿ ತೆಗೆದು ಕೆಪ್ಯಾಸಿಟರ್ ಹಾಕಿಸುವ ಮುನ್ನ ಇದನ್ನು ಓದಿ

"ಬ್ಯಾಟರಿಯೇ ಬೇಡ, ಈ ಡಬ್ಬಿ ಹಾಕಿದ್ರೆ ಸಾಕು" ಅಂತ ಹಳೆ ಬುಲೆಟ್‌ಗಳಿಗೆ ಮಾರುವ ಕೆಪ್ಯಾಸಿಟರ್ (ಕರೆಂಟನ್ನು ಸ್ವಲ್ಪ ಹೊತ್ತು ಹಿಡಿದಿಡುವ ಬಿಡಿಭಾಗ) ಕಿಟ್‌ಗಳ ಬಗ್ಗೆ ಹುಷಾರಾಗಿರಿ. ಪಾಯಿಂಟ್ ಇಗ್ನಿಷನ್ (ತೆರೆದು ಮುಚ್ಚುವ ಲೋಹದ ಪಾಯಿಂಟ್‌ನಿಂದ ಕಿಡಿ ಬರಿಸುವ ವ್ಯವಸ್ಥೆ) ಇರುವ 12 ವೋಲ್ಟಿನ ಗಾಡಿಯೊಂದಕ್ಕೆ ಇಂಥದ್ದು ಹಾಕಿಸಿ ಆದದ್ದು ಇಷ್ಟು. ಊರೊಳಗೆ ಚೆನ್ನಾಗಿಯೇ ಓಡಿತು. ಹೈವೇಯಲ್ಲಿ ಆಕ್ಸಿಲರೇಟರ್ ಕೊಟ್ಟಾಗ ಮೊದಲು ಟೈಲ್ ಬಲ್ಬ್ ಹೋಯಿತು, ಅದರ ಹಿಂದೆಯೇ ಮೀಟರ್ ಬಲ್ಬ್, ಆಮೇಲೆ ಸೀಟಿನ ಕೆಳಗಿಂದ ಸುಟ್ಟ ವಾಸನೆ. ಡಬ್ಬಿ ಬಿಚ್ಚಿದರೆ ಒಳಗಿದ್ದದ್ದು 4,700 ಮೈಕ್ರೋಫ್ಯಾರಡ್, 16 ವೋಲ್ಟಿನ ಮಾಮೂಲಿ ಕೆಪ್ಯಾಸಿಟರ್. ತಲೆ ಉಬ್ಬಿ, ಬಿರುಕು ಬಿಟ್ಟು, ಒಳಗಿನ ದ್ರವ ವೈರುಗಳ ಮೇಲೆಲ್ಲ ಚೆಲ್ಲಿತ್ತು.

ಬ್ಯಾಟರಿ ಕರೆಂಟ್ ಕೂಡಿಡುವುದಷ್ಟೇ ಅಲ್ಲ, ವೋಲ್ಟೇಜ್ ಏರದಂತೆಯೂ ಹಿಡಿದಿಡುತ್ತದೆ. ಅದನ್ನು ತೆಗೆದರೆ ಇಂಜಿನ್ ವೇಗದ ಜೊತೆ ಆಲ್ಟರ್ನೇಟರ್‌ನ (ಇಂಜಿನ್ ತಿರುಗಿದಾಗ ಕರೆಂಟ್ ಹುಟ್ಟಿಸುವ ಭಾಗ) ವೋಲ್ಟೇಜೂ ಏರುತ್ತ ಹೋಗುತ್ತದೆ. ತಡೆಯುವ ರೆಗ್ಯುಲೇಟರ್ ಇಲ್ಲದಿದ್ದರೆ 30 ವೋಲ್ಟ್ ದಾಟುವುದೂ ಇದೆ. ಒಂದು ಬಲ್ಬ್ ಹೋದರೆ ಆ ಲೋಡ್ ಇಳಿದು ವೋಲ್ಟೇಜ್ ಇನ್ನಷ್ಟು ಏರುತ್ತದೆ, ಆಗ ಮುಂದಿನ ಬಲ್ಬಿನ ಸರದಿ. ಬ್ಯಾಟರಿ ಇದ್ದೂ ಹೀಗೆ ಬಲ್ಬ್‌ಗಳು ಸಾಲಾಗಿ ಹೋಗುತ್ತಿದ್ದರೆ ಟರ್ಮಿನಲ್ ಬೋಲ್ಟ್ ಸಡಿಲವಾಗಿದೆಯೇ ನೋಡಿ. ಸಡಿಲ ಟರ್ಮಿನಲ್ ಅಂದರೆ ಬ್ಯಾಟರಿ ಇಲ್ಲದ ಹಾಗೆಯೇ.

ಕೆಪ್ಯಾಸಿಟರ್‌ನಲ್ಲಿ ಓಡಿಸುವುದೇ ತಪ್ಪು ಅಂತಲ್ಲ. 1960ರ ದಶಕದಲ್ಲೇ ಇಂಗ್ಲೆಂಡಿನ ಲೂಕಾಸ್ ಕಂಪನಿಯ 2ಎಂಸಿ ಕೆಪ್ಯಾಸಿಟರ್ ಟ್ರಯಂಫ್, ಬಿಎಸ್‌ಎ ಗಾಡಿಗಳಲ್ಲಿ ಬಳಕೆಗೆ ಬಂದಿತ್ತು. ಆದರೆ ಅದರ ಜೊತೆ ವೋಲ್ಟೇಜ್ ತಡೆಯಲು ಜೀನರ್ ಡಯೋಡ್ ಇತ್ತು. ಈಗಿನ ಅಗ್ಗದ ಕಿಟ್‌ಗಳಲ್ಲಿ ಇಲ್ಲದಿರುವುದೇ ಅದು.

ಲೆಕ್ಕವನ್ನೂ ನೋಡಿ. 4,700 ಮೈಕ್ರೋಫ್ಯಾರಡ್‌ನಲ್ಲಿ 14 ವೋಲ್ಟಿಗೆ ಕೂಡುವ ಶಕ್ತಿ ಅರ್ಧ ಜೂಲ್‌ಗಿಂತ ಕಡಿಮೆ. 12 ವೋಲ್ಟ್, 5 ಆಂಪಿಯರ್-ಅವರ್ ಬ್ಯಾಟರಿಯಲ್ಲಿರುವುದು ಸುಮಾರು 2 ಲಕ್ಷ ಜೂಲ್. ಅಂದರೆ ಪ್ರತಿ ಕಿಕ್ಕಿನಲ್ಲೂ ಕೆಪ್ಯಾಸಿಟರ್ ಸೊನ್ನೆಯಿಂದ ತುಂಬಬೇಕು, ಆ ಅಷ್ಟರಲ್ಲೇ ಕಿಡಿಯೂ ಬರಬೇಕು. ಹೆಡ್‌ಲೈಟ್ ಸ್ವಿಚ್ ಆನ್ ಇದ್ದರೆ, ಅಥವಾ ಬ್ರೇಕ್ ಪೆಡಲ್ ಮೇಲೆ ಕಾಲಿದ್ದರೂ ಸಹ, ಬಂದ ಕರೆಂಟ್ ಬಲ್ಬಿಗೇ ಹೋಗುತ್ತದೆ. ಸತ್ತ ಬ್ಯಾಟರಿಯನ್ನು ಹಾಗೆಯೇ ಬಿಟ್ಟು ಪಕ್ಕದಲ್ಲಿ ಕೆಪ್ಯಾಸಿಟರ್ ಜೋಡಿಸಿದರೂ ಇದೇ ಪಾಡು.

ಬುಲೆಟ್ ಓಡಿಸುವವರಿಗೆ ಇನ್ನೊಂದು ತೊಡಕಿದೆ. ಕಿಕ್ಕರ್ ಮೆಲ್ಲಗೆ ಒತ್ತಿ, ಆಮೀಟರ್ (ಕರೆಂಟ್ ತೋರಿಸುವ ಮೀಟರ್) ಮುಳ್ಳು ಮಧ್ಯಕ್ಕೆ ಬಂದಾಗ ಪಾಯಿಂಟ್ ತೆರೆಯಿತು ಅಂತ ತಿಳಿಯುವ ರೂಢಿ ನಮ್ಮದು. ಬ್ಯಾಟರಿ ಇಲ್ಲದಿದ್ದರೆ ಮುಳ್ಳು ಅಲುಗುವುದೇ ಇಲ್ಲ. ಕಿಕ್ಕರ್ ಬಿಗಿಯಾಗುವವರೆಗೆ ಒತ್ತಿ, ಡಿಕಂಪ್ರೆಸರ್ (ಸಿಲಿಂಡರಿನ ಒತ್ತಡ ಇಳಿಸುವ ಲಿವರ್) ಹಿಡಿದು ಸ್ವಲ್ಪ ಮುಂದೆ ದಾಟಿಸಿ, ಬಿಟ್ಟು, ಕಿಕ್ಕರ್ ಮೇಲಕ್ಕೆ ತಂದು ಪೂರ್ತಿ ಹೊಡೆಯಬೇಕು. ಅರೆಬರೆ ಕಿಕ್ಕಿಗೆ ಕಿಡಿ ಬರುವುದಿಲ್ಲ. ಪಾಯಿಂಟ್ ತೆಗೆಸಿ ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿಸಿದ್ದರಂತೂ ಕೆಪ್ಯಾಸಿಟರ್ ಯೋಚನೆಯನ್ನೇ ಬಿಡಿ. ಕೆಲವು ಯೂನಿಟ್‌ಗಳು ಕಡಿಮೆ ವೋಲ್ಟೇಜಿಗೆ ತಪ್ಪು ಹೊತ್ತಿನಲ್ಲಿ ಕಿಡಿ ಕೊಡುತ್ತವೆ, ಕಿಕ್ಕರ್ ತಿರುಗಿ ಹೊಡೆದರೆ ಕಣಕಾಲು ಮುರಿಯಬಹುದು.

ಮೈಸೂರಿನ ಐಡಿಯಲ್ ಜಾವಾದಿಂದ ಬಂದ ಹಳೆಯ 6 ವೋಲ್ಟ್ ಡೈನಮೋ ಗಾಡಿಗಳಿಗೆ ಈ ಕಿಟ್ ಹೊಂದುವುದೇ ಇಲ್ಲ. ಡೈನಮೋ ಕಿಕ್ಕಿನ ವೇಗಕ್ಕೆ ಸಾಕಷ್ಟು ಕರೆಂಟ್ ಹುಟ್ಟಿಸುವುದಿಲ್ಲ. ಯಮಹಾ ಆರ್‌ಎಕ್ಸ್ 100ರಲ್ಲಿ ಕಿಡಿ ಕೊಡುವ ಎಲೆಕ್ಟ್ರಾನಿಕ್ ಯೂನಿಟ್ ಆದ ಸಿಡಿಐಗೆ ಮ್ಯಾಗ್ನೆಟ್‌ನಲ್ಲೇ ಬೇರೆ ಕಾಯಿಲ್ ಇರುವುದರಿಂದ ಕಿಡಿಗೆ ಬ್ಯಾಟರಿಯೂ ಬೇಡ, ಡಬ್ಬಿಯೂ ಬೇಡ. ಹಾರನ್, ಇಂಡಿಕೇಟರ್‌ಗೆ ಬೇಕಾದದ್ದು ಬ್ಯಾಟರಿಯೇ.

ಇಷ್ಟಾದರೂ ಹಾಕಿಸುತ್ತೀರಿ ಅಂದರೆ, ಮೊದಲು ಬ್ಯಾಟರಿ ಇಲ್ಲದೆಯೂ ಕೆಲಸ ಮಾಡುತ್ತದೆ ಅಂತ ಸ್ಪಷ್ಟವಾಗಿ ಬರೆದಿರುವ ರೆಗ್ಯುಲೇಟರ್-ರೆಕ್ಟಿಫೈಯರ್ (ಎಸಿಯನ್ನು ಡಿಸಿ ಮಾಡಿ ವೋಲ್ಟೇಜ್ ತಡೆಯುವ ಯೂನಿಟ್) ತನ್ನಿ. ಎಷ್ಟೋ ಯೂನಿಟ್‌ಗಳು ಬ್ಯಾಟರಿಯ ವೋಲ್ಟೇಜ್ ನೋಡಿಕೊಂಡೇ ನಡೆಯುವಂಥವು. ಕೆಪ್ಯಾಸಿಟರ್ 10,000 ಮೈಕ್ರೋಫ್ಯಾರಡ್‌ಗೆ ಕಡಿಮೆ ಬೇಡ. 50 ಅಥವಾ 63 ವೋಲ್ಟ್, 105 ಡಿಗ್ರಿ ಬಿಸಿ ತಡೆಯುವಂಥದ್ದು, ಸ್ಕ್ರೂ ಟರ್ಮಿನಲ್ ಇರುವಂಥದ್ದೇ ಇರಲಿ. ಬೆಸುಗೆ ಹಾಕಿದ ಸಣ್ಣ ಕಾಲುಗಳು ಸಿಂಗಲ್ ಸಿಲಿಂಡರ್ ಇಂಜಿನ್ನಿನ ಅದುರಿಗೆ ತುಂಡಾಗುತ್ತವೆ. ರಬ್ಬರ್ ಸುತ್ತಿ ಕ್ಲಾಂಪ್ ಮಾಡಿ. ಡಬ್ಬಿಯ ಮೈಮೇಲಿನ ಪಟ್ಟೆ ಇರುವ ಕಡೆ ನೆಗೆಟಿವ್. ಹಳೆ ಬ್ರಿಟಿಷ್ ಗಾಡಿಗಳಲ್ಲಿ ಪಾಸಿಟಿವ್ ಅರ್ಥ್ ಇರುತ್ತದೆ, ಅಂದರೆ ಪಾಸಿಟಿವ್ ತುದಿಯನ್ನೇ ಚಾಸಿಗೆ ಜೋಡಿಸಿರುತ್ತಾರೆ. ಅದನ್ನು ಗಮನಿಸದೆ ಉಲ್ಟಾ ಜೋಡಿಸಿದರೆ ಕೆಪ್ಯಾಸಿಟರ್ ಸಿಡಿಯುತ್ತದೆ. ಖಾಲಿ ಬಿಟ್ಟ ಬ್ಯಾಟರಿ ವೈರಿನ ತುದಿಗಳಿಗೆ ಟೇಪ್ ಸುತ್ತಿ. ಫ್ಯೂಸ್ ತೆಗೆಯಬೇಡಿ.

ಆಮೇಲೆ ಮಲ್ಟಿಮೀಟರನ್ನು ಡಿಸಿಗೆ ಇಟ್ಟು ಕೆಪ್ಯಾಸಿಟರ್ ಮೇಲೆ ಹಿಡಿದು, ಲೈಟ್ ಆರಿಸಿ ಮೆಲ್ಲಗೆ ರೇಸ್ ಮಾಡಿ. 14.5ರ ಆಸುಪಾಸಿನಲ್ಲಿ ನಿಲ್ಲಬೇಕು. 15 ದಾಟಿದರೆ ತಕ್ಷಣ ಇಂಜಿನ್ ಆಫ್ ಮಾಡಿ, ಆ ರೆಗ್ಯುಲೇಟರ್ ಉಪಯೋಗಕ್ಕೆ ಬಾರದು.

ಎಲ್ಲ ಸರಿ ಇದ್ದರೂ ರಾತ್ರಿ ಓಡಿಸಬೇಡಿ. ಇಂಜಿನ್ ನಿಂತರೆ ಗಾಡಿ ಪೂರ್ತಿ ಕತ್ತಲೆ, ಟೈಲ್ ಲ್ಯಾಂಪ್ ಕೂಡ ಇರುವುದಿಲ್ಲ. ಚಾರ್ಮಾಡಿಯಂಥ ಘಾಟಿಯ ತಿರುವಿನಲ್ಲಿ ಹಿಂದೆ ಬರುವ ಲಾರಿಯವರಿಗೆ ನೀವು ಕಾಣುವುದೇ ಇಲ್ಲ. 12 ವೋಲ್ಟಿನ ಪುಟ್ಟ ಸೀಲ್ಡ್ ಬ್ಯಾಟರಿ, 2.5 ಆಂಪಿಯರ್-ಅವರ್‌ನದ್ದಾದರೂ ಸರಿ, ಹಳೆ ಬಾಕ್ಸಿನೊಳಗೆ ಸುಲಭವಾಗಿ ಕೂರುತ್ತದೆ. ಈ ಡಬ್ಬಿಗೆ ದುಡ್ಡು ಹಾಕುವ ಬದಲು ಅದನ್ನೇ ತನ್ನಿ.