ಆಲ್ ವೀಲ್ ಡ್ರೈವಾ, ಫೋರ್ ವೀಲ್ ಡ್ರೈವಾ? ಮಳೆಗಾಲದಲ್ಲಿ ಒಂದೇ ಏರಿಗೆ ಎರಡನ್ನೂ ಹತ್ತಿಸಿ ನೋಡಿದ್ದು

ಮೂಡಿಗೆರೆ ಹತ್ತಿರ ನಮ್ಮ ಮನೆಗೆ ಡಾಂಬರು ರಸ್ತೆ ಬಿಟ್ಟು ಒಂದೂವರೆ ಕಿಲೋಮೀಟರ್ ಮಣ್ಣಿನ ದಾರಿ. ಕೊನೆಯ 70 ಮೀಟರ್ ಕಡಿದಾದ ಏರು, ನಡುವೆ ಒಂದು ತಿರುವು. ಬೇಸಿಗೆಯಲ್ಲಿ ಯಾವ ಕಾರಾದರೂ ಹತ್ತುತ್ತದೆ. ಜೂನ್ ಕಳೆದರೆ ಕೆಂಪು ಮಣ್ಣು ಬೆಣ್ಣೆಯ ಹಾಗಾಗುತ್ತದೆ, ಕಲ್ಲಿಗೆ ಪಾಚಿ ಹಿಡಿಯುತ್ತದೆ. ಹಳೆಯ ಸಣ್ಣ ಕಾರು ಇದ್ದಾಗ ತಿರುವಿನ ಕೆಳಗೇ ನಿಲ್ಲಿಸಿ, ಮಗಳನ್ನು ಎತ್ತಿಕೊಂಡು, ಕೊಡೆ ಹಿಡಿದು ನಡೆಯುತ್ತಿದ್ದೆವು. ಅಮ್ಮನ ಮಂಡಿನೋವು ಜಾಸ್ತಿಯಾದ ಮೇಲೆ ಅದು ಆಗದ ಮಾತಾಯಿತು.

ಹಾಗಾಗಿ ಪೆಟ್ರೋಲ್ ಕ್ರಾಸ್‌ಓವರ್ (ಕಾರಿನಂತೆಯೇ ಕಟ್ಟಿದ, ಸ್ವಲ್ಪ ಎತ್ತರದ ಗಾಡಿ) ಒಂದನ್ನು ಆಲ್ ವೀಲ್ ಡ್ರೈವ್‌ನಲ್ಲೇ ತೆಗೆದುಕೊಂಡೆ. ಅದೇ ವರ್ಷ ಭಾವ ಏಳು ಸೀಟಿನ ಡೀಸೆಲ್ ಫೋರ್ ಬೈ ಫೋರ್, ಅಂದರೆ ಫೋರ್ ವೀಲ್ ಡ್ರೈವ್ ಗಾಡಿ, ತಂದರು. ಕಳೆದ ವರ್ಷ ಪುನರ್ವಸು ಮಳೆ ಹಿಡಿದಾಗ ಇಬ್ಬರೂ ಊರಲ್ಲಿದ್ದೆವು. ಎರಡು ದಿನ ಕೀ ಅದಲುಬದಲು ಮಾಡಿಕೊಂಡು, ಒಂದೇ ದಾರಿಯಲ್ಲಿ ಎರಡನ್ನೂ ಓಡಿಸಿದೆವು.

ಮೊದಲು ಹೆಸರಿನ ಗೊಂದಲ ಬಿಡಿಸಿಕೊಳ್ಳಬೇಕು. ಕಾರಿನ ಹಿಂದೆ ಅಂಟಿಸಿದ ಅಕ್ಷರ ನೋಡಿ ಏನೂ ತೀರ್ಮಾನ ಮಾಡಬೇಡಿ. ಸುಜುಕಿಯವರ 'ಆಲ್‌ಗ್ರಿಪ್' ಅನ್ನೋ ಹೆಸರನ್ನೇ ನೋಡಿ. ಗ್ರ್ಯಾಂಡ್ ವಿಟಾರಾದಲ್ಲಿ ಅದು ಆಲ್ ವೀಲ್ ಡ್ರೈವ್, ಲೋ ರೇಂಜ್ (ವೇಗ ತಗ್ಗಿಸಿ ಎಳೆಯುವ ಬಲ ಹೆಚ್ಚಿಸುವ ಇನ್ನೊಂದು ಗೇರ್) ಇಲ್ಲ. ಜಿಮ್ನಿಯಲ್ಲಿ 'ಆಲ್‌ಗ್ರಿಪ್ ಪ್ರೊ', ಅದು ಲೋ ರೇಂಜ್ ಇರುವ ಅಪ್ಪಟ ಫೋರ್ ವೀಲ್ ಡ್ರೈವ್. ಜೀಪ್ ಕಂಪಾಸ್ ಹಿಂದೆ ಫೋರ್ ಬೈ ಫೋರ್ ಅಂತ ಬರೆದಿದ್ದರೂ ಸ್ಕಾರ್ಪಿಯೋ-ಎನ್, ಥಾರ್, ಫಾರ್ಚುನರ್‌ಗಳ ಫೋರ್ ಬೈ ಫೋರ್‌ನಲ್ಲಿ ಇರುವಂಥ ಪ್ರತ್ಯೇಕ ಲೋ ರೇಂಜ್ ಗೇರ್ ಅದರಲ್ಲಿಲ್ಲ. ಶೋರೂಮಿನಲ್ಲಿ ಒಂದೇ ಪ್ರಶ್ನೆ ಕೇಳಿ: "ಲೋ ರೇಂಜ್ ಇದೆಯಾ?"

ನಮ್ಮ ಕ್ರಾಸ್‌ಓವರ್‌ನಲ್ಲಿ ಎಂಜಿನ್ ಅಡ್ಡ ಕೂತಿದೆ, ದಿನದ ಕೆಲಸವೆಲ್ಲ ಮುಂದಿನ ಚಕ್ರದ್ದು. ಹಿಂದಿನ ಆಕ್ಸಲ್ ಹತ್ತಿರ ಕ್ಲಚ್ ಪ್ಲೇಟುಗಳ ಒಂದು ಕಟ್ಟು ಇರುತ್ತದೆ. ಮುಂದಿನ ಚಕ್ರ ಜಾರಿದರೆ ಕಂಪ್ಯೂಟರ್ ಆ ಪ್ಲೇಟುಗಳನ್ನು ಒತ್ತಿ ಹಿಡಿದು ಹಿಂದಕ್ಕೂ ಶಕ್ತಿ ಕಳಿಸುತ್ತದೆ. 'ಲಾಕ್' ಅನ್ನೋ ಆಯ್ಕೆ ಹಾಕಿದರೆ ಕಡಿಮೆ ವೇಗದಲ್ಲಿ ಹಿಂದಿನ ಚಕ್ರವೂ ಕೆಲಸದಲ್ಲಿ ಇರುತ್ತದೆ. ಭಾವನ ಗಾಡಿಯಲ್ಲಿ ಮಾಮೂಲಿಗೆ ಹಿಂದಿನ ಎರಡು ಚಕ್ರ ಮಾತ್ರ. ಫೋರ್ ಹೈ ಹಾಕಿದರೆ ಟ್ರಾನ್ಸ್‌ಫರ್ ಕೇಸ್ ಅನ್ನೋ ಗೇರ್ ಪೆಟ್ಟಿಗೆ ಮುಂದಿನ ಶಾಫ್ಟನ್ನೂ ಹಿಂದಿನ ಶಾಫ್ಟನ್ನೂ ಗಟ್ಟಿಯಾಗಿ ಬೆಸೆಯುತ್ತದೆ. ಫೋರ್ ಲೋ, ಅಂದರೆ ಲೋ ರೇಂಜ್, ಹಾಕಿದರೆ ಅದರ ಮೇಲೆ ಎಳೆಯುವ ಬಲವೂ ಹೆಚ್ಚುತ್ತದೆ. ನಮ್ಮಲ್ಲಿ ಸಿಗೋ ಗಾಡಿಗಳಲ್ಲಿ ಸಾಮಾನ್ಯವಾಗಿ ಎರಡರಿಂದ ಎರಡೂವರೆ ಪಟ್ಟು, ವೇಗ ಅಷ್ಟೇ ಪಟ್ಟು ಕಡಿಮೆ.

ಮೊದಲ ದಿನ ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿ ಇಳಿದು ವಾಪಸ್ ಹತ್ತಿದೆವು. ಮಂಜು, ರಸ್ತೆಗೆ ಅಡ್ಡ ಹರಿಯುವ ನೀರು. ಇಲ್ಲಿ ಕ್ರಾಸ್‌ಓವರ್‌ನದ್ದೇ ಮೇಲುಗೈ, ಅನುಮಾನವೇ ಇಲ್ಲ. ಏರುತ್ತಾ ತಿರುಗುವಾಗ ಮುಂದಿನ ಚಕ್ರ ನೀರು ತುಳಿದರೂ ಸ್ಟೇರಿಂಗ್ ಅಲುಗಲಿಲ್ಲ. ನಾನು ಯಾವ ಗುಂಡಿಯನ್ನೂ ಮುಟ್ಟಲಿಲ್ಲ, ಎಲ್ಲ ಅದೇ ನೋಡಿಕೊಂಡಿತು. ಭಾವನ ಗಾಡಿ ಇಲ್ಲಿ ಬರೀ ಹಿಂದಿನ ಚಕ್ರದ ಗಾಡಿ. ಹಿಂದೆ ಭಾರ ಇಲ್ಲದ್ದರಿಂದ ಎರಡು ತಿರುವಿನಲ್ಲಿ ಚಕ್ರ ಸುಮ್ನೆ ಸುತ್ತಿತು, ಡ್ಯಾಶ್‌ಬೋರ್ಡಿನ ದೀಪ ಮಿನುಗಿತು.

ಹಾಗಾದರೆ ಫೋರ್ ಹೈ ಹಾಕಿಕೊಂಡೇ ಹೋಗಬಹುದಲ್ವಾ? ಅದನ್ನು ಮನೆಯ ಕಣದಲ್ಲಿ ನೋಡಿದೆವು. ಕಾಫಿ ಒಣಗಿಸುವ ಸಿಮೆಂಟ್ ಕಣ. ಫೋರ್ ಹೈನಲ್ಲಿ ಸ್ಟೇರಿಂಗ್ ಪೂರ್ತಿ ತಿರುಗಿಸಿ ನಿಧಾನ ಸುತ್ತಿದರೆ, ಯಾರೋ ಹಿಂದಿನಿಂದ ಹಿಡಿದು ಎಳೆದ ಹಾಗೆ ಗಾಡಿ ಕುಂಟುತ್ತದೆ, ಟಯರ್ ಕೀರಲು ಸದ್ದು ಮಾಡುತ್ತದೆ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಜಾಸ್ತಿ ದೂರ ಹೋಗಬೇಕು. ಶಾಫ್ಟ್ ಬೆಸೆದಿದ್ದರೆ ಅದಕ್ಕೆ ಅವಕಾಶವಿಲ್ಲ. ಕೆಸರಿನಲ್ಲಿ ಟಯರ್ ಸ್ವಲ್ಪ ಜಾರಿ ಹೊಂದಿಕೊಳ್ಳುತ್ತದೆ, ಸಿಮೆಂಟಿನಲ್ಲಿ ಆ ಒತ್ತಡವೆಲ್ಲ ಗೇರುಗಳ ಮೇಲೆ ಬೀಳುತ್ತದೆ. ಒದ್ದೆ ಡಾಂಬರಿಗೂ ಹಿಡಿತ ಇದ್ದೇ ಇರುತ್ತದೆ, ಹಾಗಾಗಿ ಘಾಟಿಯ ತಿರುವುಗಳಲ್ಲಿ ಇದನ್ನು ಹಾಕಿಕೊಂಡೇ ಓಡಿಸುವುದು ಒಳ್ಳೆಯದಲ್ಲ.

ಎರಡನೇ ದಿನ ಮನೆಯ ಏರು. ರಾತ್ರಿಯಿಡೀ ಸುರಿದಿತ್ತು. ಮೊದಲು ಕ್ರಾಸ್‌ಓವರ್, ಲಾಕ್ ಹಾಕಿ, ಮೊದಲ ಗೇರಿನಲ್ಲಿ. ತಿರುವಿನವರೆಗೆ ಸಲೀಸು. ತಿರುವಿನಲ್ಲಿ ಗೊಬ್ಬರದ ಟ್ರ್ಯಾಕ್ಟರ್ ಬಿಟ್ಟುಹೋದ ಆಳದ ಗಾಲಿ ಜಾಡು. ಬಲಗಡೆ ಮುಂದಿನ ಚಕ್ರ ಅದರೊಳಗೆ ಇಳಿಯಿತು, ಎಡಗಡೆ ಹಿಂದಿನದು ನೆಲ ಬಿಟ್ಟು ಎದ್ದಿತು. ಆ ಎರಡೂ ಚಕ್ರ ಗರಗರ ತಿರುಗಿದವು, ಕಾರು ನಿಂತಲ್ಲೇ ನಿಂತಿತು. ನಾನು ಆಕ್ಸಿಲರೇಟರ್‌ನಿಂದ ಕಾಲು ತೆಗೆದೆ. ಹೊರಗೆ ನಿಂತಿದ್ದ ಭಾವ ಕೂಗಿದರು:

"ಕಾಲು ತೆಗೀಬೇಡ ಮಾರಾಯ! ಹಾಗೇ ಹಿಡ್ಕೋ!"

ಹಿಡಿದೆ. ಒಂದು ಕ್ಷಣ ಏನೂ ಆಗಲಿಲ್ಲ. ಆಮೇಲೆ ಕಾಲ ಕೆಳಗೆ ಟಕಟಕಟಕ ಅಂತ ಬ್ರೇಕಿನ ಸದ್ದು, ಸುತ್ತುವ ಚಕ್ರವನ್ನು ಕಂಪ್ಯೂಟರ್ ಬ್ರೇಕ್ ಒತ್ತಿ ಹಿಡಿಯುತ್ತಿತ್ತು. ನೆಲದ ಮೇಲಿದ್ದ ಚಕ್ರಗಳಿಗೆ ಶಕ್ತಿ ಹೋಯಿತು, ಕಾರು ತೆವಳಿಕೊಂಡು ಮೇಲೆ ಬಂತು. ಆಲ್ ವೀಲ್ ಡ್ರೈವ್ ಇರುವವರು ಇದನ್ನು ತಿಳಿದಿರಲೇಬೇಕು. ಚಕ್ರ ಸುತ್ತಿದ ಕೂಡಲೇ ಕಾಲು ತೆಗೆದರೆ ಆ ವ್ಯವಸ್ಥೆಗೆ ಕೆಲಸ ಮಾಡಲು ಸಮಯವೇ ಸಿಗುವುದಿಲ್ಲ. ಹಾಗಂತ ಪೂರ್ತಿ ಒತ್ತಲೂಬಾರದು, ಹದವಾಗಿ ಒಂದೇ ಸಮ ಹಿಡಿಯಬೇಕು. ಬೇಕಂತಲೇ ಇನ್ನೂ ಮೂರು ಸಲ ಹತ್ತಿಸಿದೆವು. ಮೂರನೇ ಸಲ ಸುಟ್ಟ ವಾಸನೆ ಬಂತು, ನಿಲ್ಲಿಸಿ ಅರ್ಧ ಗಂಟೆ ಆರಲು ಬಿಟ್ಟೆ. ಕ್ಲಚ್ ಪ್ಲೇಟು ಜಾರುತ್ತಲೇ ಇದ್ದರೆ ಕಾಯುತ್ತದೆ, ಅದು ಈ ವ್ಯವಸ್ಥೆಯ ಮಿತಿ.

ಭಾವನ ಗಾಡಿ ಫೋರ್ ಲೋನಲ್ಲಿ ಹತ್ತಿದ್ದನ್ನು ವರ್ಣಿಸಲು ಏನೂ ಇಲ್ಲ. ಎಂಜಿನ್ ಗುರ್ ಅನ್ನಲಿಲ್ಲ, ಚಕ್ರ ಸುತ್ತಲಿಲ್ಲ. ನಡೆಯುವವರ ವೇಗದಲ್ಲಿ ಹತ್ತಿ ಕಣದಲ್ಲಿ ನಿಂತಿತು. ಹಿಂದಿನ ಸೀಟಿನಲ್ಲಿ ಗೊಬ್ಬರದ ಎರಡು ಮೂಟೆ ಬೇರೆ ಇತ್ತು.

ನನ್ನ ಮನಸ್ಸಿನಲ್ಲಿ ನಿಂತಿರುವುದು ಹತ್ತಿದ್ದಲ್ಲ, ಇಳಿದದ್ದು. ಜನ ಯಾವಾಗಲೂ ಏರಿನ ಬಗ್ಗೆ ಮಾತಾಡುತ್ತಾರೆ. ಪಾಚಿಯ ಕಲ್ಲಿನ ಮೇಲೆ ಇಳಿಯುವಾಗ ಎದೆ ಹೊಡೆದುಕೊಳ್ಳುವುದನ್ನು ಯಾರೂ ಹೇಳುವುದಿಲ್ಲ. ಕ್ರಾಸ್‌ಓವರ್‌ನ ಹಿಲ್ ಡಿಸೆಂಟ್, ಅಂದರೆ ಇಳಿಜಾರಿನಲ್ಲಿ ತಾನೇ ವೇಗ ಹಿಡಿದಿಡುವ ವ್ಯವಸ್ಥೆ, ಬ್ರೇಕನ್ನೇ ನಂಬಿದೆ. ಪಾಚಿ ಮೇಲೆ ಬ್ರೇಕ್ ಹಿಡಿದಾಗ ಕಾರು ಒಂದು ಗೇಣು ಪಕ್ಕಕ್ಕೆ ಸರಿಯಿತು. ಹಿಂದೆ ಅಮ್ಮ ಕೂತಿದ್ದರು, ಸೀಟಿನ ಅಂಚು ಗಟ್ಟಿಯಾಗಿ ಹಿಡಿದುಕೊಂಡಿದ್ದು ಕನ್ನಡಿಯಲ್ಲಿ ಕಂಡಿತು. ಫೋರ್ ಲೋ, ಮೊದಲ ಗೇರಿನಲ್ಲಿ ಇಳಿದರೆ ಬ್ರೇಕ್ ಮುಟ್ಟುವ ಅಗತ್ಯವೇ ಬರಲಿಲ್ಲ. ಎಂಜಿನ್ನೇ ಮುಂದಿನ ಚಕ್ರ ಹಿಂದಿನ ಚಕ್ರ ಎರಡನ್ನೂ ಹಿಡಿದು ನಿಧಾನ ಇಳಿಸುತ್ತದೆ.

ಡಾಂಬರಿನಲ್ಲಿ ನಿಲ್ಲುವ ವಿಷಯಕ್ಕೆ ಬಂದರೆ ಎರಡರಿಂದಲೂ ಲಾಭವಿಲ್ಲ. ಎಲ್ಲ ಕಾರಿಗೂ ಬ್ರೇಕ್ ನಾಲ್ಕೇ ಚಕ್ರಕ್ಕೆ. ಅಲ್ಲಿ ಕಾಯುವುದು ಟಯರ್. ಟಯರಿನ ಮೇಲಿನ ಗೀರಿನ ಆಳ ಸವೆದು 1.6 ಮಿ.ಮೀ. ಆಗುವವರೆಗೆ ಕಾನೂನು ಬಿಡುತ್ತದೆ, ನಾನು 3 ಮಿ.ಮೀ.ಗೆ ಬಂದ ಟಯರ್ ಹಾಕಿಕೊಂಡು ಮಳೆಗಾಲದಲ್ಲಿ ಘಾಟಿ ಇಳಿಯುವುದಿಲ್ಲ. ಆಲ್ ವೀಲ್ ಡ್ರೈವ್‌ನಲ್ಲಿ ಇನ್ನೊಂದು ಖರ್ಚಿದೆ: ನಾಲ್ಕೂ ಟಯರ್ ಒಂದೇ ಸಮ ಸವೆದಿರಬೇಕು. ಎರಡು ಹೊಸದು ಎರಡು ಹಳೆಯದು ಹಾಕಿದರೆ ಆ ಕ್ಲಚ್ ಕಟ್ಟು ಸುಮ್ಮನೆ ದುಡಿಯುತ್ತಿರುತ್ತದೆ. ಕೆಟ್ಟು ನಿಂತರೆ ಎರಡು ಚಕ್ರ ಎತ್ತಿ ಎಳೆಯಲು ಬಿಡಬೇಡಿ, ಇಡೀ ಕಾರನ್ನು ಹೊತ್ತೊಯ್ಯುವ ಫ್ಲಾಟ್‌ಬೆಡ್ಡೇ ಕರೆಸಿ.

ಉಳಿದಿದ್ದು ದಿನದ ಬದುಕು. ವರ್ಷದಲ್ಲಿ ಊರಿಗೆ ಹೋಗುವುದು ಎಂಟೋ ಹತ್ತೋ ಸಲ, ಉಳಿದ ದಿನವೆಲ್ಲ ಬೆಂಗಳೂರಿನ ಟ್ರಾಫಿಕ್, ಶಾಲೆ, ಬೇಸ್‌ಮೆಂಟ್ ಪಾರ್ಕಿಂಗ್. ಭಾವನ ಗಾಡಿಗೆ ಹತ್ತಲು ಅಮ್ಮನಿಗೆ ಮಣೆ ಇಡಬೇಕು, ಕ್ರಾಸ್‌ಓವರ್‌ಗೆ ತಾವೇ ಕೂರುತ್ತಾರೆ. ಮಗಳಿಗೆ ಎತ್ತರದ ಗಾಡಿಯ ಓಲಾಟಕ್ಕೆ ಹಾಸನ ದಾಟುವ ಮೊದಲೇ ವಾಂತಿ. ಇದೆಲ್ಲ ಸಣ್ಣ ವಿಷಯ ಅಲ್ಲ, ಮನೆಮಂದಿಗೆ ತೆಗೆದುಕೊಳ್ಳುವ ಕಾರಿಗೆ ಇದೇ ಮೊದಲ ವಿಷಯ.

ಭಾವ ಊರಲ್ಲೇ ಇರುವವರು, ದಿನಾ ತೋಟದೊಳಗೆ ಹೋಗಬೇಕು, ಅವರಿಗೆ ಲೋ ರೇಂಜ್ ಬಿಟ್ಟು ಬೇರೆ ಬೇಡ. ನನಗೆ ಆಲ್ ವೀಲ್ ಡ್ರೈವೇ ಸರಿ ಅನ್ನಿಸಿ ಅದನ್ನೇ ಉಳಿಸಿಕೊಂಡೆ. ಆದರೆ ಆ ಇಳಿಜಾರು ಮರೆಯಲಾಗಲಿಲ್ಲ. ಈ ಬೇಸಿಗೆಯಲ್ಲಿ ಅಪ್ಪನೂ ಭಾವನೂ ಸೇರಿ ಆ 70 ಮೀಟರಿಗೆ ಚಕ್ರ ಓಡುವ ಎರಡು ಸಾಲು ಕಾಂಕ್ರೀಟ್ ಹಾಕಿಸಿದರು. ನುಣ್ಣಗೆ ಬಿಟ್ಟರೆ ಅದಕ್ಕೂ ಪಾಚಿ ಹಿಡಿಯುತ್ತದೆ ಅಂತ ಅಪ್ಪ, ಹಸಿ ಇರುವಾಗಲೇ ಗೇಣಿಗೊಂದರಂತೆ ಅಡ್ಡ ಗೀರು ಎಳೆಸಿದ್ದಾರೆ.